ಕಡತದೊಳಗಿನ ಮಲೆನಾಡು: ಬೇಹುಗಾರಿಕೆಯ ಸುಧಾರಣೆ ಮತ್ತು ಆಧುನಿಕೋತ್ತರ ಚಿಂತನೆ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಸರ್ಕಾರಿ ಕಡತಗಳಲ್ಲಿ ಒಂದೇ ಬೆಟ್ಟವಾಗಿ ಉಳಿದಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದು ಅದಿರಿನ ಗಣಿಯಾಗಿತ್ತು. ತೋಟಗಾರಿಕೆ ಇಲಾಖೆಗೆ ಗಿರಿಧಾಮ. ಅರಣ್ಯ ಇಲಾಖೆಗೆ ಭದ್ರಾ ಅಭಯಾರಣ್ಯದ ನೆರೆಯ ನೆಲ. ಮನುಷ್ಯರ ವಿಷಯದಲ್ಲೂ ಹೀಗೆಯೇ ಆಗುತ್ತದೆಂದು ಫ್ರೆಂಚ್ ಚಿಂತಕ ಮಿಶೆಲ್ ಫುಕೋ 1975ರಲ್ಲಿ ತೋರಿಸಿದ. ಕಡತ ವ್ಯಕ್ತಿಯನ್ನು ಬಣ್ಣಿಸುವುದಷ್ಟೇ ಅಲ್ಲ, ಅವನನ್ನು ಒಂದು ಬಗೆಯ ವ್ಯಕ್ತಿಯನ್ನಾಗಿ ಮಾಡಿಬಿಡುತ್ತದೆ. (ಆಧುನಿಕೋತ್ತರನೆಂಬ ಹಣೆಪಟ್ಟಿಯನ್ನು ಫುಕೋ ಒಪ್ಪಿದವನಲ್ಲ; ಎಲ್ಲವನ್ನೂ ಒಂದೇ ಕಥೆಯಲ್ಲಿ ವಿವರಿಸುವ ಮಹಾಕಥನಗಳ ಬಗೆಗಿನ ಅಪನಂಬಿಕೆಯನ್ನು ಆಧುನಿಕೋತ್ತರತೆಯ ಲಕ್ಷಣವೆಂದವನು ಇನ್ನೊಬ್ಬ ಫ್ರೆಂಚ್ ಚಿಂತಕ ಲ್ಯೋತಾರ್, 1979ರಲ್ಲಿ.)

ಮಲೆನಾಡಿನಲ್ಲಿ ಇದರ ಬೆಲೆ ತೆತ್ತವರು ಕಾಡಂಚಿನ ಜನ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಭಯದ ನಡುವೆ ನಕ್ಸಲ್ ಚಟುವಟಿಕೆ ಬೇರೂರಿತು. 2005ರ ಫೆಬ್ರುವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಸತ್ತರು. ಉದ್ಯಾನಕ್ಕೆ ತೋರಿದ ವಿರೋಧ, ಬಂದೂಕು ಹಿಡಿದು ಬಂದವರಿಗೆ ಬಡಿಸಿದ ಅನ್ನ, ಮನೆಯಲ್ಲಿದ್ದ ಪುಸ್ತಕ ಎಲ್ಲವೂ ಬೇಹುಗಾರಿಕೆಯ ಕಡತದಲ್ಲಿ ‘ಬೆಂಬಲಿಗ’ ಎಂಬ ಒಂದೇ ಕಲಮಿನಡಿ ಸೇರಿಬಿಡುವ ಅಪಾಯ ಇಲ್ಲಿದೆ. ಮಂಗಳೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನನ್ನು 2012ರಲ್ಲಿ ಬಂಧಿಸಿದಾಗ ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಅಂಥ ಪುಸ್ತಕ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ಹೇಳಿ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿದ್ದು 2021ರಲ್ಲಿ.

ಗೂಢಚರರ ವರದಿಯನ್ನು ಯಾವಾಗ ನಂಬಬೇಕೆಂಬುದು ಹಳೆಯ ಪ್ರಶ್ನೆ. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’, ಮೂವರು ಗೂಢಚರರ ಮಾತು ತಾಳೆಯಾದರೆ ನಂಬಬಹುದೆನ್ನುತ್ತದೆ. ಮೂವರೂ ಒಂದೇ ವರ್ಗೀಕರಣವನ್ನು ಕಲಿತು ಕಾಡು ಹೊಕ್ಕಿದ್ದರೆ ಆ ತಾಳೆಗೆ ಏನು ಬೆಲೆ?

ನಮ್ಮ ಬೇಹುಗಾರಿಕೆಯ ಸುಧಾರಣೆಗಳು ಈ ಪ್ರಶ್ನೆಯನ್ನು ಮುಟ್ಟಿಲ್ಲ. ಫೋನ್ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆ 1988ರಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಪರಿಶೀಲನಾ ಸಮಿತಿಯನ್ನು ವಿಧಿಸಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಯಾರ ಅನುಮತಿಯಿಂದ ಕೇಳಬೇಕು ಎಂಬುದು ಇತ್ಯರ್ಥವಾಯಿತು. ಕೇಳಿದ್ದನ್ನು ಹೇಗೆ ಬರೆಯಬೇಕು ಎಂಬುದು ಆಗಲಿಲ್ಲ.

ಹಾಗೆಂದು, ಆಧುನಿಕೋತ್ತರ ಚಿಂತನೆಯ ಹೆಸರಿನಲ್ಲಿ ಸತ್ಯವೇ ಇಲ್ಲವೆನ್ನುವ ವಾದ ಇಲ್ಲಿ ಕೆಲಸಕ್ಕೆ ಬಾರದು. ಗುಂಡು ತಗಲಿದ ಪೇದೆಯ ಸಾವು ಕಥನವಲ್ಲ. ಬೇಕಾಗಿರುವುದು ಸಣ್ಣ ಆದರೆ ಕಠಿಣವಾದ ಕಟ್ಟಳೆ. ವರದಿಯಲ್ಲಿ ಕಂಡದ್ದು ಬೇರೆ, ಊಹಿಸಿದ್ದು ಬೇರೆಯಾಗಿ ದಾಖಲಾಗಬೇಕು. ಕೆಳಹಂತದ ಅಧಿಕಾರಿಯ ಭಿನ್ನಾಭಿಪ್ರಾಯವನ್ನು ಮೇಲಿನವರು ಅಳಿಸಬಾರದು. ಖುಲಾಸೆಯಾದವರ ಕಡತವನ್ನು ಹೊರಗಿನವರೂ ಇರುವ ಸಮಿತಿ ಮರುಪರಿಶೀಲಿಸಬೇಕು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಅವರಿಗೆ ಅನ್ನ ಹಾಕಿದರೆಂದು ಹೆಸರು ಬರೆಯಲಾದ ಮನೆಗಳಿದ್ದರೆ, ಮರುಪರಿಶೀಲನೆ ಅಲ್ಲಿಂದಲೇ ಶುರುವಾಗಲಿ.