ಹಳೆಯ ಕ್ಯಾಮರಾಗಳ ಹೊರಮೈ ನವೀಕರಣ: ಆಕರ ವಿಮರ್ಶೆಯ ಒಂದು ಪ್ರಶ್ನೆ

ಶಾಸನ, ನಾಣ್ಯ, ಕಡತಗಳಂತೆ ಯಂತ್ರಯುಗದ ವಸ್ತುಗಳೂ ಇತಿಹಾಸದ ಆಕರಗಳೇ ಆಗಿವೆ. ಆದುದರಿಂದ ಆಕರ ವಿಮರ್ಶೆಯ ನಿಯಮಗಳು ಅವುಗಳಿಗೂ ಅನ್ವಯಿಸತಕ್ಕವು. ಫಿಲ್ಮ್ ಬಳಸುವ ಹಳೆಯ ಕ್ಯಾಮರಾಗಳನ್ನು ಹೊಸದರಂತೆ ಕಾಣಿಸುವ ಕೆಲಸ ಇಂದು ಅನೇಕ ದೇಶಗಳಲ್ಲಿ ನಡೆಯುತ್ತಿದೆ. ಇದರಿಂದ ಆಕರಕ್ಕೆ ಒದಗುವ ಹಾನಿಯನ್ನು ಲೈಕಾ ಕ್ಯಾಮರಾದ ನಿದರ್ಶನದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜರ್ಮನಿಯ ವೆಟ್ಸ್ಲಾರ್ ನಗರದ ಲೈಟ್ಸ್ ಸಂಸ್ಥೆಯಲ್ಲಿ ಓಸ್ಕರ್ ಬರ್ನಾಕ್ ರೂಪಿಸಿದ ಲೈಕಾ ೧೯೨೫ರಲ್ಲಿ ಲೈಪ್‌ಜಿಗ್ ವ್ಯಾಪಾರ ಮೇಳದಲ್ಲಿ ಜನರ ಮುಂದೆ ಬಂದಿತು. ಮೊದಲ ಮಾದರಿಗಳ ಮೈಗೆ ಕರಿಯ ಮೆರುಗೆಣ್ಣೆ, ಗುಂಡಿಗಳಿಗೆ ನಿಕ್ಕಲ್ ಲೇಪ, ಹಿಡಿಯುವ ಭಾಗಕ್ಕೆ ವಲ್ಕನೈಟ್ ಎಂಬ ಗಡುಸು ರಬ್ಬರಿನ ಹೊದಿಕೆ ಇದ್ದುವು. ೧೯೩೦ರ ದಶಕದಲ್ಲಿ ಕ್ರೋಮಿಯಂ ಲೇಪವೂ ಬಳಕೆಗೆ ಬಂದಿತು. ಬಹುಕಾಲ ಬಳಸಿದಾಗ ಅಂಚುಗಳ ಬಣ್ಣ ಸವೆದು ಒಳಗಿನ ಹಿತ್ತಾಳೆ ಕಾಣುವುದು. ವಲ್ಕನೈಟ್ ಪೆಡಸಾಗಿ ಉದುರುವುದು. ನವೀಕರಣಕಾರನು ಯಂತ್ರವನ್ನು ಬಿಚ್ಚಿ, ಹಳೆಯ ಬಣ್ಣವನ್ನು ತೆಗೆದು, ಹೊಸದನ್ನು ಬಳಿದು, ಕೆತ್ತಿದ ಅಕ್ಷರಗಳಿಗೆ ಬಣ್ಣ ತುಂಬಿ, ಹೊಸ ಹೊದಿಕೆ ಅಂಟಿಸುತ್ತಾನೆ.

ಆದರೆ ಸವೆತವು ಬರಿಯ ಕುಂದಲ್ಲ. ಕ್ಯಾಮರಾವನ್ನು ಯಾವ ಭಾಗದಲ್ಲಿ ಹಿಡಿಯುತ್ತಿದ್ದರು, ಎಷ್ಟು ಬಳಸಿದ್ದರು ಎಂಬುದಕ್ಕೆ ಅದು ಸಾಕ್ಷಿ. ಲೈಟ್ಸ್ ಸಂಸ್ಥೆಯೇ ಹಳೆಯ ಮಾದರಿಗಳಿಗೆ ಹೊಸ ಭಾಗಗಳನ್ನು ಜೋಡಿಸಿ, ಮೊದಲಿನ ಕ್ರಮಸಂಖ್ಯೆಯನ್ನೇ ಉಳಿಸಿ ಹಿಂದಿರುಗಿಸುತ್ತಿದ್ದುದುಂಟು. ಇಂತಹ ಮಾರ್ಪಾಟಿನ ಕುರುಹುಗಳು ಹೊಸ ಬಣ್ಣದ ಕೆಳಗೆ ಮರೆಯಾಗಬಹುದು.

ಇದಕ್ಕಿಂತ ಗಂಭೀರವಾದುದು ಖೋಟಾ ವಸ್ತುಗಳ ಪ್ರಶ್ನೆ. ಉಕ್ರೇನಿನ ಖಾರ್ಕೊವ್‌ನಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಏರ್ಪಟ್ಟ, ಶಿಕ್ಷಣತಜ್ಞ ಮಕರೆಂಕೊ ಮುನ್ನಡೆಸಿದ ಶ್ರಮ ಕಮ್ಯೂನಿನಲ್ಲಿ ೧೯೩೪ರ ವೇಳೆಗೆ ಲೈಕಾದ ಅನುಕರಣವಾದ ಫೆಡ್ ಕ್ಯಾಮರಾ ಹೆಚ್ಚಿನ ಪ್ರಮಾಣದಲ್ಲಿ ತಯಾರಾಗತೊಡಗಿತು. ೧೯೪೮ರಲ್ಲಿ ಜೋರ್ಕಿ ಬಂದಿತು. ಮುಂದೆ ಇಂತಹ ಸೋವಿಯತ್ ಕ್ಯಾಮರಾಗಳ ಮೂಲ ಹೆಸರನ್ನು ಅಳಿಸಿ, ಲೈಕಾ ಎಂಬ ಹೆಸರನ್ನೂ ಜರ್ಮನ್ ಸೈನ್ಯದ ಲಾಂಛನಗಳನ್ನೂ ಕೆತ್ತಿ ಮಾರಿದರು. ಮಸೂರವನ್ನು ತಿರುಗಿಸಿ ತೆಗೆದರೆ ದೂರಮಾಪಕದ ಸನ್ನೆ ಕಾಣುತ್ತದೆ. ಅದರ ತುದಿಯಲ್ಲಿ ಲೈಕಾಕ್ಕೆ ಪುಟ್ಟ ಚಕ್ರವೂ, ಫೆಡ್‌ಗೆ ಸಾಮಾನ್ಯವಾಗಿ ಬೆಣೆಯಂತಹ ಮೊನೆಯೂ ಇರುತ್ತದೆ. ಇಲ್ಲಿ ಮೋಸಹೋದವನು ಕೊಂಡವನೊಬ್ಬನೇ ಅಲ್ಲ. ಆ ಕಮ್ಯೂನಿನ ಮಕ್ಕಳ ದುಡಿಮೆಯ ಗುರುತೂ ಅಳಿಸಿಹೋಯಿತು. ಸದುದ್ದೇಶದ ನವೀಕರಣಕಾರನೂ ಖೋಟಾಕಾರನೂ ಬಳಸುವ ಉಪಕರಣಗಳು ಬಹುಮಟ್ಟಿಗೆ ಒಂದೇ ಎಂಬುದನ್ನು ನಾವು ಮರೆಯಲಾಗದು.

೨೦೨೨ರಲ್ಲಿ ವೆಟ್ಸ್ಲಾರ್ ಹರಾಜಿನಲ್ಲಿ ಲೈಕಾದ ಪ್ರಾಯೋಗಿಕ ಮಾದರಿಗಳಲ್ಲಿ ೧೦೫ನೆಯದು ೧ ಕೋಟಿ ೪೪ ಲಕ್ಷ ಯೂರೊಗಳಿಗೆ ಮಾರಾಟವಾಯಿತು. ಅಷ್ಟು ಬೆಲೆ ಬಂದುದು ಹೊಳಪಿಗಲ್ಲ, ಅದು ಬರ್ನಾಕ್‌ನದೇ ಆಗಿದ್ದಿತೆಂಬ ಪೂರ್ವವೃತ್ತಾಂತಕ್ಕೆ.

ಹಾಗೆಂದು ನವೀಕರಣವನ್ನೇ ನಿಷೇಧಿಸಬೇಕೆಂದಲ್ಲ. ದಿನಬಳಕೆಯ ಕ್ಯಾಮರಾಕ್ಕೆ ಹೊಸ ಹೊದಿಕೆ ಹಾಕುವುದು ಸಹಜವೇ ಸರಿ. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ಸ್ಮಾರಕಗಳನ್ನು ಕುರಿತ ೧೯೬೪ರ ವೆನಿಸ್ ಸನ್ನದು ವಿಧಿಸಿದೆ. ಈ ತತ್ತ್ವ ಯಂತ್ರಗಳಿಗೂ ಸಲ್ಲುತ್ತದೆ. ಕೆಲಸಕ್ಕೆ ಮುನ್ನ ವಸ್ತುವಿನ ಸ್ಥಿತಿಯನ್ನು ದಾಖಲಿಸುವುದು, ತೆಗೆದ ಭಾಗಗಳನ್ನು ಕಾದಿರಿಸುವುದು, ಕ್ರಮಸಂಖ್ಯೆಯನ್ನು ಮುಟ್ಟದಿರುವುದು, ಮಾಡಿದ ಬದಲಾವಣೆಗಳನ್ನು ಬರೆದಿಡುವುದು, ಇಷ್ಟನ್ನಾದರೂ ಪಾಲಿಸಬೇಕು. ಸವೆದ ಶಾಸನಾಕ್ಷರಗಳನ್ನು ತಿದ್ದಿ ಕೊರೆಯಲು ಯಾವ ಶಾಸನತಜ್ಞನೂ ಒಪ್ಪುವುದಿಲ್ಲ. ಹಿತ್ತಾಳೆಯ ಮೇಲಿನ ಬರಹಕ್ಕೂ ಅದೇ ಮರ್ಯಾದೆ ಸಲ್ಲತಕ್ಕದ್ದು.