ಮನೆಯೇ ಆಫೀಸಾದ ಕಥೆ

ಕಳೆದ ವಾರ ಫೋನ್-ಇನ್‌ನಲ್ಲಿ ಹುಬ್ಬಳ್ಳಿಯ ಹುಡುಗಿಯೊಬ್ಬಳು ಪುಣೆಯಿಂದ ಮಾತಾಡಿದಳು. 2021ರಲ್ಲಿ ಕೆಲಸಕ್ಕೆ ಸೇರಿದವಳು. ಮೊದಲ ಒಂದೂವರೆ ವರ್ಷ ಊರಿನ ಮನೆಯ ಪಡಸಾಲೆಯೇ ಆಫೀಸು. "ಪಗಾರ ಬಂತ್ರೀ, ಕೆಲಸ ಕಲಿಯೂದು ಆಗಲಿಲ್ಲ" ಅಂದಳು. ಆ ಮಾತು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗೋಣ.

ಈ ಪದ್ಧತಿ ಕೋವಿಡ್ ತಂದದ್ದಲ್ಲ. 1973ರಲ್ಲೇ ಅಮೆರಿಕದ ಜ್ಯಾಕ್ ನಿಲ್ಸ್ ಇದಕ್ಕೆ 'ಟೆಲಿಕಮ್ಯೂಟಿಂಗ್' ಎಂದು ಹೆಸರಿಟ್ಟರು. ಲಾಸ್ ಏಂಜಲೀಸ್‌ನ ಟ್ರಾಫಿಕ್ಕು ಅವರ ತಲೆನೋವಾಗಿತ್ತು. (ನಮ್ಮ ಅಂಧೇರಿ, ಹಿಂಜವಡಿ ಕೇಳುಗರಿಗೆ ವಿವರಿಸಬೇಕಿಲ್ಲ!) ಆದರೆ ವಿಮಾ ಕಂಪನಿಯೊಂದರಲ್ಲಿ ಮಾಡಿದ ಪ್ರಯೋಗದಲ್ಲಿ ಅವರು ನೌಕರರನ್ನು ಮನೆಯಲ್ಲಿ ಕೂರಿಸಲಿಲ್ಲ. ಮನೆ ಹತ್ತಿರದ ಸಣ್ಣ ಕಚೇರಿಗಳಿಗೆ ಕಳಿಸಿದರು. ಅಕ್ಕಪಕ್ಕ ನಾಲ್ಕು ಜನ ಇದ್ದೇ ಇರುತ್ತಿದ್ದರು.

ನಿಜವಾದ ಪರೀಕ್ಷೆ ನಡೆದದ್ದು ಚೀನಾದಲ್ಲಿ, 2010-11ರಲ್ಲಿ. ಶಾಂಘೈನ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನ ಸುಮಾರು 250 ಜನರ ಪೈಕಿ ಚೀಟಿ ಎತ್ತಿದಂತೆ ಅರ್ಧ ಜನರನ್ನು ಆರಿಸಿ, ಒಂಬತ್ತು ತಿಂಗಳು ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಬಿಟ್ಟರು. ಹೆಚ್ಚಿನವರು ಇಪ್ಪತ್ತರ ಹರೆಯದವರು. ಕೆಲಸ ಶೇ. 13 ಏರಿತು, ಕೆಲಸ ಬಿಟ್ಟು ಹೋಗುವವರು ಅರ್ಧಕ್ಕಿಳಿದರು. ಆದರೆ ಆ ಏರಿಕೆಯ ಬಹುಪಾಲು ಬಂದದ್ದು ಬಿಡುವು, ರಜೆ ಕಡಿಮೆಯಾದದ್ದರಿಂದ. ಅಂದರೆ ಕುರ್ಚಿ ಬಿಟ್ಟು ಏಳಲಿಲ್ಲ ಅಷ್ಟೇ! ಅದೇ ಸಾಧನೆ ತೋರಿದ ಆಫೀಸಿನವರಿಗೆ ಹೋಲಿಸಿದರೆ ಇವರಿಗೆ ಬಡ್ತಿಯೂ ಕಡಿಮೆ ಸಿಕ್ಕಿತು. ಕೊನೆಗೆ ಆಯ್ಕೆ ಕೊಟ್ಟಾಗ ಸುಮಾರು ಅರ್ಧ ಜನ ಆಫೀಸಿಗೇ ವಾಪಸ್ಸು ಬಂದರು. ಒಂಟಿತನ ಒಂದು ಮುಖ್ಯ ಕಾರಣ.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆ ಪ್ರಯೋಗಕ್ಕೆ ಸೇರಲು ಕನಿಷ್ಠ ಆರು ತಿಂಗಳ ಅನುಭವ ಬೇಕಿತ್ತು, ಮನೆಯಲ್ಲಿ ಪ್ರತ್ಯೇಕ ಕೋಣೆಯೂ ಬೇಕಿತ್ತು. ಹೊಸಬರು ಅದರಲ್ಲಿ ಇರಲೇ ಇಲ್ಲ. 2020ರ ಮಾರ್ಚ್ ನಂತರ ನಮ್ಮಲ್ಲಿ ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂದ ಎಷ್ಟೋ ಹುಡುಗ ಹುಡುಗಿಯರಿಗೆ ಈ ಎರಡೂ ಇರಲಿಲ್ಲ.

2020ರಲ್ಲಿ ಟಿಸಿಎಸ್, 2025ರ ಹೊತ್ತಿಗೆ ನಾಲ್ಕರಲ್ಲಿ ಒಂದು ಪಾಲು ಜನ ಮಾತ್ರ ಆಫೀಸಿನಲ್ಲಿದ್ದರೆ ಸಾಕು ಎಂದಿತ್ತು. 2023ರ ಅಕ್ಟೋಬರ್‌ನಲ್ಲಿ ವಾರದ ಐದೂ ದಿನ ಬನ್ನಿ ಎಂದಿತು.

ಹುಬ್ಬಳ್ಳಿಯ ಹುಡುಗಿ ಈಗ ಪುಣೆಯಲ್ಲಿ ದಿನಾ ಎರಡು ತಾಸು ಬಸ್ಸಿನಲ್ಲಿರುತ್ತಾಳೆ. ಬೈದುಕೊಳ್ಳುತ್ತಲೇ ಹೋಗುತ್ತಾಳಂತೆ. ಪಕ್ಕದ ಮೇಜಿನ ಹಿರಿಯರೊಬ್ಬರು ಚಹಾ ಹೊತ್ತಿನಲ್ಲಿ ಅವಳ ತಪ್ಪು ತಿದ್ದುತ್ತಾರಂತೆ. ನೀವು ಮೊದಲ ಕೆಲಸ ಯಾರ ಪಕ್ಕ ಕೂತು ಕಲಿತಿರಿ? ಬರೆದು ಕಳಿಸಿ, ಮುಂದಿನ ವಾರ ಓದುತ್ತೇನೆ.