ಟೆಸ್ಟೋಸ್ಟೆರಾನ್ ಬದಲಿ ಚಿಕಿತ್ಸೆ

ವೃಷಣಗಳ ಅಥವಾ ಅವುಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಯ ದೋಷದಿಂದ ಟೆಸ್ಟೋಸ್ಟೆರಾನ್ ಸಾಕಷ್ಟು ಉತ್ಪತ್ತಿಯಾಗದ ಪುರುಷರಿಗೆ ಆ ಹಾರ್ಮೋನನ್ನು ಹೊರಗಿನಿಂದ ಒದಗಿಸುವ ಕ್ರಮವೇ ಟೆಸ್ಟೋಸ್ಟೆರಾನ್ ಬದಲಿ ಚಿಕಿತ್ಸೆ. ಈ ಹಾರ್ಮೋನನ್ನು 1935ರಲ್ಲಿಯೇ ಪ್ರಯೋಗಾಲಯದಲ್ಲಿ ತಯಾರಿಸಲಾಯಿತು. ಆದರೆ ಅದನ್ನು ಹಾಗೆಯೇ ನುಂಗಿದರೆ ಬಹುಪಾಲು ಯಕೃತ್ತಿನಲ್ಲಿಯೇ ನಾಶವಾಗುತ್ತದೆ. ಚಿಕಿತ್ಸೆಯ ನಾನಾ ರೂಪಗಳು ಹುಟ್ಟಿದ್ದು ಈ ತೊಡಕಿನಿಂದ.

ಎಣ್ಣೆಯಲ್ಲಿ ಕರಗಿಸಿದ ಎನಾಂಥೇಟ್, ಸಿಪಿಯೊನೇಟ್ ಚುಚ್ಚುಮದ್ದುಗಳನ್ನು 1ರಿಂದ 3 ವಾರಗಳಿಗೊಮ್ಮೆ ಸ್ನಾಯುವಿಗೆ ಕೊಡುತ್ತಾರೆ. ಇವುಗಳ ಬೆಲೆ ಕಡಿಮೆ; ಆದರೆ ಹಾರ್ಮೋನಿನ ಮಟ್ಟ ಮೊದಲು ಏರಿ ಅನಂತರ ಇಳಿಯುವುದರಿಂದ ಮನಃಸ್ಥಿತಿಯೂ ಏರಿಳಿಯಬಹುದು. ಅಂಡೆಕನೋಯೇಟ್ ಚುಚ್ಚುಮದ್ದಿನ ಪರಿಣಾಮ 10ರಿಂದ 14 ವಾರಗಳವರೆಗೆ ಇರುತ್ತದೆ. ಅದರದೇ ಗುಳಿಗೆಯನ್ನು ಊಟದೊಡನೆ ಸೇವಿಸಿದಾಗ ಔಷಧದ ಒಂದಂಶ ದುಗ್ಧರಸನಾಳಗಳ ಮೂಲಕ ಸಾಗಿ ಯಕೃತ್ತನ್ನು ತಪ್ಪಿಸಿಕೊಳ್ಳುತ್ತದೆ.

ದಿನವೂ ಚರ್ಮಕ್ಕೆ ಹಚ್ಚುವ ಜೆಲ್ ಮಟ್ಟವನ್ನು ಹೆಚ್ಚು ಸಮವಾಗಿರಿಸುತ್ತದೆ. ಆದರೆ ಹಚ್ಚಿದ ಭಾಗ ತಾಗಿದವರಿಗೂ ಔಷಧ ಅಂಟುತ್ತದೆ. ಎಳೆಯ ಮಕ್ಕಳಲ್ಲಿ ಅಕಾಲ ಪ್ರೌಢಲಕ್ಷಣಗಳು ಕಾಣಿಸಿಕೊಂಡದ್ದುಂಟು. ಕೈತೊಳೆದು, ಆ ಭಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳುವುದು ಕಡ್ಡಾಯ.

ಹೊರಗಿನಿಂದ ಹಾರ್ಮೋನು ದೊರೆತಾಗ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕಳುಹಿಸುವ ಸಂಕೇತವನ್ನು ತಗ್ಗಿಸುವುದರಿಂದ ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ. ಪುರುಷತ್ವದ ಔಷಧವೆಂದು ಜನರು ಭಾವಿಸಿರುವ ಈ ಚಿಕಿತ್ಸೆಯು ಸದ್ಯದಲ್ಲಿ ಸಂತಾನ ಬಯಸುವವರಿಗೆ ಸಲ್ಲದು. ಕೆಂಪು ರಕ್ತಕಣಗಳು ಮಿತಿಮೀರಿ ಹೆಚ್ಚುವ ಸಂಭವವೂ ಇದೆ. ಚುಚ್ಚುಮದ್ದಿನಲ್ಲಿ ಅದು ಜೆಲ್‌ಗಿಂತ ಅಧಿಕ.